ಕಾಡುಹಾದಿಯ ಸಂಚಾರ ಮತ್ತು ವನ್ಯಮೃಗಭಯ: ವೀರಗಲ್ಲುಗಳು ಹೇಳುವುದು, ಹೇಳದಿರುವುದು

ಕರ್ಣಾಟಕದ ಇತಿಹಾಸವನ್ನು ಅಭ್ಯಾಸಮಾಡುವವರಿಗೆ ವೀರಗಲ್ಲುಗಳಷ್ಟು ಸುಲಭವಾಗಿ ದೊರೆಯುವ ಆಧಾರಸಾಮಗ್ರಿ ವಿರಳ. ಬಿ. ಎಲ್. ರೈಸ್ ಅವರು 1886ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟವನ್ನು ಹೊರತಂದಂದಿನಿಂದ ಈ ಕಲ್ಲುಗಳ ಪಾಠಗಳು ಒಂದೊಂದಾಗಿ ಬೆಳಕಿಗೆ ಬಂದಿವೆ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಮುಂತಾದ ಸಂದರ್ಭಗಳಲ್ಲಿ ಮಡಿದವರ ಕಲ್ಲುಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಇವುಗಳ ನಡುವೆ ಹುಲಿಯನ್ನೋ ಹಂದಿಯನ್ನೋ ಇರಿದು ಸತ್ತವರ ಕಲ್ಲುಗಳೂ ಇವೆ. ಪ್ರಕೃತ ಲೇಖನವು ಈ ಕೊನೆಯ ವರ್ಗವನ್ನು ಆಧಾರವಾಗಿಟ್ಟುಕೊಂಡು ಬೇರೊಂದು ಪ್ರಶ್ನೆಯನ್ನು ಕೇಳಲು ಯತ್ನಿಸುತ್ತದೆ. ಕಾಡಿನ ನಡುವೆ ದಿನನಿತ್ಯವೂ ನಡೆದಾಡಬೇಕಾಗಿದ್ದ ನಮ್ಮ ಹಿಂದಿನವರು ವನ್ಯಮೃಗಗಳಿಂದ ತಮ್ಮ ಪ್ರಾಣವನ್ನು ಹೇಗೆ ಉಳಿಸಿಕೊಂಡರು? ಈ ಪ್ರಶ್ನೆಗೆ ಕಲ್ಲುಗಳು ಉತ್ತರ ಕೊಡಬಲ್ಲವೆ?

ಮೊದಲು ಕಲ್ಲುಗಳು ಏನು ಹೇಳುತ್ತವೆಂಬುದನ್ನು ನೋಡೋಣ. ಈ ಬಗೆಯ ಶಾಸನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಮಂಡ್ಯ ಜಿಲ್ಲೆಯ ಆತಕೂರಿನದು. ಇದರ ಕಾಲ ಶಕವರ್ಷ 872, ಎಂದರೆ ಕ್ರಿ. ಶ. 949-50. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ಸಾಮಂತನು ಒಡೆಯನಿಂದ ಮೆಚ್ಚುಗೆಯಾಗಿ ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಒಮ್ಮೆ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಒಂದರೊಡನೊಂದು ಹೋರಾಡಿ ಸತ್ತವು. ಮಣಲೆರನು ನಾಯಿಗಾಗಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟನು. ಮನುಷ್ಯರ ವಿಷಯದಲ್ಲಿಯೂ ಪದ್ಧತಿ ಇದೇ. ಹೋರಾಡಿ ಸತ್ತವನಿಗೆ ಕಲ್ಲು, ಅವನ ಮನೆಯವರಿಗೆ ನೆತ್ತರುಗೊಡಗೆ.

ಹೊಯ್ಸಳರ ವಂಶಕಥೆಯಲ್ಲಿಯೂ ಇದೇ ಭಾವವನ್ನು ಕಾಣುತ್ತೇವೆ. ಸೊಸೆವೂರಿನಲ್ಲಿ ಜೈನಮುನಿಯ ಮೇಲೆರಗಿದ ಹುಲಿಯನ್ನು ಸಳನು ‘ಪೊಯ್ ಸಳ’ ಎಂಬ ಮಾತಿಗೆ ಓಗೊಟ್ಟು ಹೊಡೆದು ಕೊಂದನೆಂಬುದು ಕಥೆ. ಹುಲಿಯು ಚೋಳರ ಲಾಂಛನವಾದುದರಿಂದ, 1116ರ ತಲಕಾಡಿನ ವಿಜಯದ ಅನಂತರ ಈ ಲಾಂಛನ ಪ್ರಚಾರಕ್ಕೆ ಬಂದಿರಬೇಕೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅದು ಹೇಗೇ ಇರಲಿ, ಹುಲಿಯನ್ನು ಕೊಂದವನು ರಾಜ್ಯಕ್ಕೆ ಅರ್ಹನೆಂಬ ನಂಬಿಕೆ ಇಲ್ಲದಿದ್ದರೆ ಈ ಕಥೆಗೆ ಇಷ್ಟು ಗೌರವ ದೊರೆಯುತ್ತಿರಲಿಲ್ಲ. ಕೊಡಗಿನಲ್ಲಿ ಹುಲಿಯನ್ನು ಕೊಂದವನಿಗೆ ಮದುವಣಿಗನಂತೆ ಉಡುಗೆ ತೊಡಿಸಿ ‘ನರಿಮಂಗಲ’ವನ್ನು ನಡೆಸುತ್ತಿದ್ದರು. ಕೊಡವ ನುಡಿಯಲ್ಲಿ ‘ನರಿ’ ಎಂದರೆ ಹುಲಿ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವೂ ಮೃಗಭಯವನ್ನು ರಾಜ್ಯಕ್ಕೆ ಬರುವ ವಿಪತ್ತುಗಳಲ್ಲಿ ಒಂದೆಂದು ಎಣಿಸುತ್ತದೆ. ಮೃಗದ ಬಾಯಿಗೆ ಸಿಕ್ಕಿದವನ ನೆರವಿಗೆ ಹೋಗದವನಿಗೆ ಹನ್ನೆರಡು ಪಣ ದಂಡ, ಮೃಗವನ್ನು ಕೊಂದವನಿಗೆ ಅಷ್ಟೇ ಬಹುಮಾನವೆಂದು ಅದು ವಿಧಿಸುತ್ತದೆ.

ಈ ಆಧಾರಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ತೀರ್ಮಾನ ತಾನಾಗಿಯೇ ಮೂಡುತ್ತದೆ. ಮೃಗಭಯಕ್ಕೆ ಹಿಂದಿನವರು ಕಂಡುಕೊಂಡಿದ್ದ ಪರಿಹಾರವೆಂದರೆ ಆಯುಧ ಮತ್ತು ಕೆಚ್ಚು. ಪ್ರಸ್ತುತ ಲೇಖಕನೂ ಅನೇಕ ವರ್ಷ ತರಗತಿಯಲ್ಲಿ ಹೀಗೆಯೇ ಹೇಳುತ್ತಿದ್ದನು. ಅದು ತಪ್ಪೆಂದು ತಿಳಿದುದು ಗ್ರಂಥಾಲಯದಲ್ಲಿ ಅಲ್ಲ.

ಕೆಲವು ವರ್ಷಗಳ ಕೆಳಗೆ ಚಾಮರಾಜನಗರ ಸೀಮೆಯ ಕಾಡಂಚಿನ ಗ್ರಾಮವೊಂದಕ್ಕೆ ಹದಿಮೂರು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆನು. ದಾರಿ ತೋರಿಸಲು ಸೋಲಿಗರ ವೃದ್ಧರೊಬ್ಬರು ಬಂದಿದ್ದರು. ಹುಲಿಯ ಬಾಯಿಗೆ ಕಠಾರಿಯನ್ನು ಚುಚ್ಚುತ್ತಿರುವ ವೀರನ ಕಲ್ಲಿನ ಮುಂದೆ ನಿಂತು ನಾನು ನಮ್ಮ ಪೂರ್ವಿಕರ ಧೈರ್ಯವನ್ನು ಬಣ್ಣಿಸುತ್ತಿದ್ದಾಗ ಅವರು ಸಮಾಧಾನದಿಂದ ಕೇಳಿಸಿಕೊಂಡು, “ಸತ್ತೋನ್ಗೆ ಕಲ್ಲು ನಿಲ್ಸವ್ರೆ, ಸ್ವಾಮಿ. ದಿನಾ ಕಾಡ್ಗೋಗಿ ಮನೆಗ್ ಬಂದೋರ್ಗೆ ಯಾವ್ ಕಲ್ಲದೆ?” ಎಂದರು. ವಿದ್ಯಾರ್ಥಿಗಳು ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ.

ಆ ಮಾತಿನಲ್ಲಿ ಇತಿಹಾಸದ ಮುಖ್ಯವಾದೊಂದು ತತ್ತ್ವ ಅಡಗಿದೆ. ವೀರಗಲ್ಲು ಅಪವಾದದ ದಾಖಲೆಯೇ ಹೊರತು ವಾಡಿಕೆಯದಲ್ಲ. ಸೌದೆ, ಜೇನು, ಬಿದಿರು, ಮೇವುಗಳಿಗಾಗಿ ಕಾಡಿಗೆ ಹೋದವರು ಸಾವಿರ ಸಲ ಕ್ಷೇಮವಾಗಿ ಹಿಂದಿರುಗಿದರೆ ಒಂದು ಸಲ ಒಬ್ಬನು ಮೃಗಕ್ಕೆ ಎದುರಾಗಿ ಸಾಯುತ್ತಾನೆ. ಕಲ್ಲು ಆ ಒಂದಕ್ಕೆ ಮಾತ್ರ. ಉಳಿದ ಕ್ಷೇಮಯಾತ್ರೆಗಳ ಚರಿತ್ರೆಯನ್ನು ಶಾಸನಗಳಲ್ಲಿ ಹುಡುಕಿದರೆ ಸಿಗದು. ಅದನ್ನು ವೃತ್ತಿಗಳ ವಾಡಿಕೆ, ಪ್ರವಾಸದ ಪದ್ಧತಿ, ಕಾಡಿನ ಜನರ ತಿಳಿವಳಿಕೆ ಇವುಗಳಲ್ಲಿ ಹುಡುಕಬೇಕು.

ಮೊದಲನೆಯ ನಿದರ್ಶನ ಅಂಚೆಯದು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಯಿತು. ರೈಲುಮಾರ್ಗಗಳಿಲ್ಲದ ಕಾಲದಲ್ಲಿ ಭಾರತದ ಅನೇಕ ಭಾಗಗಳಲ್ಲಿ ಟಪ್ಪಾಲು ಹೊತ್ತು ಓಡುವವನ ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ ಇರುತ್ತಿತ್ತು. ಹುಲಿಯ ಕಾಟವಿರುವ ದಾರಿಯಲ್ಲಿ ರಾತ್ರಿ ಹೋಗಬೇಕಾದಾಗ ಪಂಜಿನವರೂ ತಮಟೆಯವರೂ ಜೊತೆಗೆ ಹೋಗುತ್ತಿದ್ದರು. ಈಟಿಯಿಂದ ಹುಲಿ ಸತ್ತುದಕ್ಕಿಂತ ಗೆಜ್ಜೆಯ ಸದ್ದಿಗೆ ಹುಲಿ ದಾರಿ ಬಿಟ್ಟುದೇ ಹೆಚ್ಚೆಂದು ಊಹಿಸುವುದು ಅನುಚಿತವಾಗದು. ಮಲೆನಾಡಿನಲ್ಲಿ ದನಗಳ ಕೊರಳಿಗೆ ಕಟ್ಟುವ ಮರದ ಗಂಟೆಯು ಕಳೆದ ದನವನ್ನು ಹುಡುಕಲು ನೆರವಾಗುವಂತೆ ದನಗಾಹಿಯ ಬರವನ್ನೂ ಕಾಡಿಗೆ ಮುಂಚಿತವಾಗಿ ತಿಳಿಸುತ್ತದೆ.

ಎರಡನೆಯ ನಿದರ್ಶನ ಲಂಬಾಣಿಗರದು. ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದೂರದ ನಾಡುಗಳಿಗೆ ಹೋಗುತ್ತಿದ್ದ ಇವರು ಗುಂಪಾಗಿ ಸಂಚರಿಸುತ್ತಿದ್ದರು. ಬೀಡು ಬಿಟ್ಟಲ್ಲಿ ಹೇರುಗಳನ್ನು ಸುತ್ತಲೂ ಕೋಟೆಯಂತೆ ಜೋಡಿಸಿ, ಬೆಂಕಿಯನ್ನು ಉರಿಸಿ, ಸರದಿಯಂತೆ ಕಾವಲಿರುತ್ತಿದ್ದರು. ಒಂಟಿಯಾಗಿ ಹೋಗದಿರುವುದು, ಕತ್ತಲಾಗುವ ಮೊದಲು ತಂಗುವುದು ಇವೆರಡೇ ಇಲ್ಲಿಯ ಸೂತ್ರಗಳು.

ಮೂರನೆಯದು ಕಾಡಿನ ಜನರ ತಿಳಿವಳಿಕೆ. 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಆನೆಗಳ ದೊಡ್ಡ ಹಿಂಡೊಂದನ್ನು ಹಿಡಿದ ಜಿ. ಪಿ. ಸ್ಯಾಂಡರ್‌ಸನ್ ತನ್ನ ಅನುಭವಗಳನ್ನು 1878ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಸೋಲಿಗರನ್ನೂ ಕುರುಬರನ್ನೂ ಅವನು ಅದರಲ್ಲಿ ವರ್ಣಿಸಿದ್ದಾನೆ. ಹೆಜ್ಜೆಯ ಗುರುತು, ಲದ್ದಿಯ ಹಸಿತನ, ಮುರಿದ ಕೊಂಬೆ ಇವುಗಳಿಂದ ಆನೆ ಎಷ್ಟು ಹೊತ್ತಿಗೆ ಮುಂಚೆ ಹಾದುಹೋಯಿತೆಂದು ಹೇಳುವ ಇಂಥ ಜನರ ನೆರವಿಲ್ಲದೆ ಖೆಡ್ಡಾ ನಡೆಯುವುದೇ ಶಕ್ಯವಿರಲಿಲ್ಲ. ಕೀರ್ತಿ ಅಧಿಕಾರಿಗೆ ಸಂದಿತು. ಹೆಜ್ಜೆ ಓದಿದವರ ಹೆಸರುಗಳು ಬಹುಮಟ್ಟಿಗೆ ಉಳಿಯಲಿಲ್ಲ.

ಈ ವಾಡಿಕೆಗಳ ಹಿಂದಿರುವ ಕಾರಣಗಳನ್ನು ಇಂದಿನ ಪ್ರಾಣಿವಿಜ್ಞಾನ ಸ್ಪಷ್ಟವಾಗಿ ವಿವರಿಸುತ್ತದೆ. ಆನೆಯ ದೃಷ್ಟಿ ಮಂದ, ಘ್ರಾಣಶಕ್ತಿ ಅತಿ ತೀಕ್ಷ್ಣ. ಆದುದರಿಂದ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ತಿಳಿಯದೆ ಮುಂದುವರಿಯಬಾರದು. ಆನೆ ಕಂಡರೆ ಬಂದ ದಾರಿಯಲ್ಲಿಯೇ ಸದ್ದಿಲ್ಲದೆ ಹಿಂದಿರುಗಬೇಕು. ತಾಯಿ ಮತ್ತು ಮರಿಯ ನಡುವೆ ಎಂದೂ ಸಿಕ್ಕಿಕೊಳ್ಳಬಾರದು. ಕರಡಿ ಗೆದ್ದಲುಹುತ್ತವನ್ನು ಬಗೆಯುವುದರಲ್ಲಿ ಮಗ್ನವಾಗಿರುವಾಗ ಮನುಷ್ಯನ ಬರವನ್ನು ಅರಿಯದು. ತೀರ ಹತ್ತಿರಕ್ಕೆ ಬಂದಾಗ ಬೆದರಿ ಮೇಲೆ ಬೀಳುತ್ತದೆ. ಕರಡಿಗಳಿರುವ ಬಂಡೆಗಾಡಿನಲ್ಲಿ ಮಾತನಾಡುತ್ತ ನಡೆಯುವುದಕ್ಕೆ ಇದೇ ಕಾರಣ. ಹುಲಿ ಸಾಮಾನ್ಯವಾಗಿ ಮನುಷ್ಯನನ್ನು ತಪ್ಪಿಸಿಕೊಂಡೇ ಓಡಾಡುತ್ತದೆ. ಎದುರಾದಾಗ ಬೆನ್ನು ತಿರುಗಿಸಿ ಓಡಿದರೆ ಅದರ ಬೆನ್ನಟ್ಟುವ ಸ್ವಭಾವ ಕೆರಳುತ್ತದೆ. ಅದಕ್ಕೆ ಮುಖವಿತ್ತು, ನೆಟ್ಟಗೆ ನಿಂತು, ನಿಧಾನವಾಗಿ ಹಿಂದೆ ಸರಿಯಬೇಕು. ಕಾಡಿಗೆ ನಾಯಿಯನ್ನು ಕರೆದೊಯ್ಯಬಾರದೆಂಬ ಮಾತೂ ಇದೇ ಕೋಟಿಗೆ ಸೇರಿದುದು. ಆನೆಯನ್ನೋ ಕರಡಿಯನ್ನೋ ಕೆಣಕಿದ ನಾಯಿ ಕೊನೆಗೆ ಒಡೆಯನ ಕಾಲಬಳಿಗೆ ಓಡಿಬರುತ್ತದೆ, ಮೃಗವೂ ಅದರ ಬೆನ್ನಿಗೇ ಬರುತ್ತದೆ. ಆತಕೂರಿನಲ್ಲಿ ಪೂಜೆ ಪಡೆದ ಕಾಳಿಯ ಕುಲ ಸಾಮಾನ್ಯ ದಾರಿಗನಿಗೆ ರಕ್ಷಣೆಯಲ್ಲ, ಅಪಾಯ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ವಾಡಿಕೆಯನ್ನು ನಂಬಿದವರೂ ಮೃಗಗಳಿಗೆ ಬಲಿಯಾಗಲಿಲ್ಲವೆ? ನಿಜ. ಉತ್ತರ ಕನ್ನಡದಲ್ಲಿ ಹುಲಿಯಪ್ಪನನ್ನು, ತುಳುನಾಡಿನಲ್ಲಿ ಪಿಲಿಚಾಮುಂಡಿಯನ್ನು ಪೂಜಿಸುವುದು, ಹುಲಿಯನ್ನೇರಿದ ಮಲೆಯ ಮಹದೇಶ್ವರನಿಗೆ ಹರಕೆ ಹೊರುವುದು, ಇವೆಲ್ಲವೂ ಮನುಷ್ಯನ ಎಚ್ಚರಕ್ಕೆ ಒಂದು ಎಲ್ಲೆಯುಂಟೆಂಬುದನ್ನು ಒಪ್ಪಿಕೊಂಡ ನಡವಳಿಕೆಗಳೇ. ಆದರೆ ಈ ಪೂಜೆಗಳಲ್ಲಿ ಕಾಡು ಮೃಗದ ಮನೆ, ತಾನು ಅಲ್ಲಿ ಅತಿಥಿ ಎಂಬ ಭಾವನೆಯೂ ಇದೆ. ಆ ಭಾವನೆಯುಳ್ಳವನು ಹೊತ್ತಲ್ಲದ ಹೊತ್ತಿನಲ್ಲಿ ಒಳಗೆ ಕಾಲಿಡುವುದಿಲ್ಲ. ಎರಡನೆಯದಾಗಿ, ಆಯುಧವೂ ಪ್ರಾಣ ಉಳಿಸಿಲ್ಲವೆ? ಕೆಲವು ಸಲ ಉಳಿಸಿದೆ. ಆದರೆ ಬ್ರಿಟಿಷರ ಕಾಲದಲ್ಲಿ ಹುಲಿ ಚಿರತೆಗಳನ್ನು ಕೊಂದವರಿಗೆ ಸರ್ಕಾರವೇ ಬಹುಮಾನ ಕೊಟ್ಟಿತು, ಮೃಗಗಳು ಅಳಿವಿನ ಅಂಚಿಗೆ ಬಂದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಕರ್ಣಾಟಕದಲ್ಲಿ 2022ರ ಗಣನೆಯಂತೆ 563 ಹುಲಿಗಳೂ 2023ರ ಗಣನೆಯಂತೆ 6,395 ಆನೆಗಳೂ ಇವೆ. ಇಂದು ಅರಣ್ಯ ಇಲಾಖೆಯ ಅನುಮತಿ ಪಡೆದು ಚಾರಣಕ್ಕೆ ಹೋಗುವ ವಿದ್ಯಾರ್ಥಿಯ ಕೈಯಲ್ಲಿ ಕಠಾರಿಯಿಲ್ಲ, ಇರಲೂ ಕೂಡದು. ಎಂದಮೇಲೆ ವೀರಗಲ್ಲಿನ ದಾರಿ ಅವನಿಗೆ ಮುಚ್ಚಿದೆ. ಅವನಿಗೆ ಉಳಿದಿರುವ ಪಿತ್ರಾರ್ಜಿತವೆಂದರೆ ಕಲ್ಲಿಲ್ಲದವರ ತಿಳಿವಳಿಕೆಯೊಂದೇ.

ಆ ತಿಳಿವಳಿಕೆ ಈಗ ಕ್ಷೀಣಿಸುತ್ತಿರುವುದು ಚಿಂತೆಯ ವಿಷಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಮುದಾಯ ಅರಣ್ಯಹಕ್ಕುಗಳಿಗೆ 2011ರಲ್ಲಿ ಮನ್ನಣೆ ದೊರೆತುದು ನಿಜ. ಆದರೂ ಅನೇಕ ಕಾಡುಗಳಲ್ಲಿ ಜನರು ಹೊರಗೆ ನೆಲಸಿದ್ದಾರೆ, ಅವರ ಮಕ್ಕಳು ಪೇಟೆಯ ಕೆಲಸಗಳಿಗೆ ಹೋಗುತ್ತಿದ್ದಾರೆ. ಕಾಡಿನಲ್ಲಿ ನಡೆಯದವನಿಗೆ ಹೆಜ್ಜೆ ಓದುವುದನ್ನು ಕಲಿಸಲಾಗದು. ಅಚ್ಚು ತೆಗೆಯದ ಶಾಸನ ನೂರು ವರ್ಷ ಕಾದೀತು. ಬರೆದುಕೊಳ್ಳದ ಮಾತು ಹೇಳಿದವರೊಡನೆಯೇ ಹೋಗುತ್ತದೆ. ಇತಿಹಾಸ ವಿಭಾಗಗಳು ಕ್ಷೇತ್ರಕಾರ್ಯಕ್ಕೆ ಹೋದಾಗ ಕಲ್ಲಿನ ಪಾಠದೊಡನೆ ದಾರಿ ತೋರಿಸಿದವರ ಮಾತನ್ನೂ ಬರೆದುಕೊಳ್ಳುವುದು ಅಗತ್ಯವೆಂದು ಈ ಲೇಖಕನ ನಮ್ರ ಸೂಚನೆ.

ಅಂದಿನ ಪ್ರವಾಸದ ಉಳಿದ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಹಳ್ಳದ ಆಚೆ ಇನ್ನೊಂದು ಕಲ್ಲಿದೆಯೆಂದು ತಿಳಿದಿತ್ತು. ಸಂಜೆ ಐದು ಗಂಟೆಯಾಗಿದ್ದರೂ ಅದನ್ನು ನೋಡಿಕೊಂಡೇ ಹೋಗೋಣವೆಂದು ನಾನು ಹಟ ಹಿಡಿದೆನು. ಆ ವೃದ್ಧರು ದಾರಿಯ ಲದ್ದಿಯನ್ನು ಕಾಲಬೆರಳಿನಿಂದ ಸರಿಸಿ ನೋಡಿ, ಬೇಡವೆಂದರು. ನಾನು ಬೇಸರದಿಂದಲೇ ಹಿಂದಿರುಗಿದೆನು. ಮರುದಿನ ಬಿಸಿಲೇರಿದ ಮೇಲೆ ಅವರೊಡನೆಯೇ ಹಳ್ಳ ದಾಟಿದೆವು. ಕಲ್ಲಿನ ಸುತ್ತಲೂ ಹಸಿಮಣ್ಣಿನಲ್ಲಿ ಆನೆಗಳ ಹೆಜ್ಜೆಗಳಿದ್ದವು, ಅವುಗಳಲ್ಲಿ ಕೆಲವು ಮರಿಗಳವು. ವಿದ್ಯಾರ್ಥಿಗಳು ಯಾರೂ ಮಾತನಾಡಲಿಲ್ಲ. ಶಾಸನದ ಅಚ್ಚು ತೆಗೆದುಕೊಂಡು, ಹೊತ್ತಿರುವಾಗಲೇ ಹದಿನಾಲ್ಕು ಮಂದಿಯೂ ಊರಿಗೆ ಹಿಂದಿರುಗಿದೆವು.