ಪಾಲ್ಕಿ ಹೊತ್ತವರ ಚರಿತ್ರೆ

ಕೊಪ್ಪಳದ ಗುಡ್ಡದ ಮ್ಯಾಲೆ ಎರಡು ಬಂಡೆಗಳು ಒಂದು ಹಾಸುಗಲ್ಲನ್ನು ಹೊತ್ತು ನಿಂತಿವೆ. ದೂರದಿಂದ ಪಾಲ್ಕಿಯ ಹಾಗೆ ಕಾಣುತ್ತದೆ. ಅದಕ್ಕೇ ನಮ್ಮ ಜನ ಅದನ್ನು ಪಾಲ್ಕಿಗುಂಡು ಅಂದರು. ಪಾಲ್ಕಿ ಅಂದಮ್ಯಾಲೆ ಒಳಗೆ ಕುಂತವನೊಬ್ಬ, ಹೆಗಲು ಕೊಟ್ಟವರು ನಾಲ್ವರು. ಸಾಲಿಯೊಳಗೆ ನಾವು ಕಲಿತ ಚರಿತ್ರೆ ಪೂರಾ ಕುಂತವನದು. ಹೊತ್ತವರ ಮಕ್ಕಳು ನಾವು, ಮನೆತನದಲ್ಲಿ ಮೊದಲು ಅಕ್ಷರ ಕಂಡವರು. ಹೊತ್ತವರ ಲೆಕ್ಕ ನಾವೇ ಕೇಳಬೇಕಾಗಿದೆ.

ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿಗೆ ಹೋಗೋಣ. ಅಲ್ಲಿ ಮೋರೇರ ಬೆಟ್ಟದ ಮೇಲೆ ಸುಮಾರು 400 ಬೃಹತ್ ಶಿಲಾ ನಿರ್ಮಾಣಗಳಿವೆ. ಕಬ್ಬಿಣ ಬಡಿಯಲು ಕಲಿತಿದ್ದ ಜನ ಎರಡು ಸಾವಿರ ವರ್ಷಕ್ಕೂ ಹಿಂದೆ ಕಟ್ಟಿದವು. 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಆದರೆ ಎಲ್ಲ ಕಲ್ಮನೆಗಳೂ ಒಂದೇ ಅಳತೆಯವಲ್ಲ. ಕೆಲವು ಸಣ್ಣವು, ಕೆಲವು ಆಳೆತ್ತರ ಮೀರಿದವು. ಬಂಡೆಯಿಂದ ಚಪ್ಪಡಿ ಎಬ್ಬಿಸಿ, ಸಾಗಿಸಿ, ನಿಲ್ಲಿಸಿ, ಮೇಲೆ ಹೊದಿಸಲು ಎಷ್ಟು ರಟ್ಟೆಗಳು ಬೇಕಾಗಿರಬೇಕು! ಅಷ್ಟು ಮಂದಿಯನ್ನು ದುಡಿಸಿದವರು ಯಾರು? ದುಡಿದವರು ಸತ್ತಾಗ ಅವರಿಗೂ ಇಂಥ ಮನೆ ಸಿಕ್ಕಿತೆ?

ಹಳೆಯ ಯಲಬುರ್ಗಾ ತಾಲೂಕಿನ, ಈಗ ಕುಕನೂರು ತಾಲೂಕಿಗೆ ಸೇರಿದ ಇಟಗಿಯ ಮಹಾದೇವ ಗುಡಿಯನ್ನು ನೋಡಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದನೆಂದು ಶಾಸನವೇ ಹೇಳುತ್ತದೆ. ಕಟ್ಟಿಸಿದವನ ಹೆಸರು ಉಳಿಯಿತು. ಕಲ್ಲು ಎಳೆದವರಿಗೆ, ಅವರಿಗೆ ಗಂಜಿ ಕಾಸಿದ ಹೆಣ್ಣುಮಕ್ಕಳಿಗೆ ಹೆಸರೇ ಇರಲಿಲ್ಲವೆ?

ಇದು ನಮ್ಮ ನೆಲದ ಕಥೆ ಮಾತ್ರ ಅಲ್ಲ. ಕೊಪ್ಪಳದ ಹಳೆಯ ಹೆಸರು ಕೊಪಣ. ಕಡಲಾಚೆ ಮಧ್ಯ ಅಮೆರಿಕದ ಹೊಂಡುರಾಸಿನಲ್ಲಿ ಕೊಪಾನ್ ಎಂಬ ಊರುಂಟು, ಮಾಯಾ ಜನರ ರಾಜಧಾನಿಗಳಲ್ಲೊಂದು. ಹೆಸರಿನ ಹೋಲಿಕೆ ಆಕಸ್ಮಿಕ, ಹೊಟ್ಟೆಯ ಹೋಲಿಕೆ ಹಾಗಲ್ಲ. ಅಲ್ಲಿನ ಒಂದು ಕಲ್ಪೀಠದ ಸುತ್ತ 16 ಅರಸರನ್ನು ಕೆತ್ತಿದ್ದಾರೆ. ಮೆಕ್ಕೆಜೋಳ ಬೆಳೆದು ಆ ಅರಸರನ್ನೂ ಪುರೋಹಿತರನ್ನೂ ಸಾಕಿದ ರೈತರ ಗುಡಿಸಲುಗಳು ಮಣ್ಣಾಗಿಹೋದವು. ಕಲ್ಲು ಉಳ್ಳವರದು, ಹುಲ್ಲು ನಮ್ಮದು.

ಆದರೆ ಗೆಳೆಯರೆ, ಪಾಲ್ಕಿಗುಂಡಿನ ಬಂಡೆ ಇನ್ನೊಂದು ಮಾತನ್ನೂ ಹೊತ್ತಿದೆ. ಅಲ್ಲಿಯೂ ಗವಿಮಠದ ಬಂಡೆಯ ಮೇಲೂ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನಗಳಿವೆ. 1931ರಲ್ಲಿ ಅವು ವಿದ್ವಾಂಸರ ಗಮನಕ್ಕೆ ಬಂದವು. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. ಧರ್ಮದ ಹಾದಿಯ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವನೂ ಶ್ರಮಪಟ್ಟರೆ ಪಡೆಯಬಲ್ಲ ಎನ್ನುವುದು ಅದರ ಸಾರ. ಸಣ್ಣವನಿಗೆ ಅಲ್ಲಿರುವ ಪದ ‘ಖುದಕ’. ನಮ್ಮೂರ ಅತಿ ಹಳೆಯ ಬರಹದಲ್ಲೇ ಮೇಲು ಕೀಳು ಇದೆ. ಕೀಳೆನಿಸಿಕೊಂಡವನ ಹಕ್ಕೂ ಅಲ್ಲೇ ಇದೆ. ಅಶೋಕ ಪಾಲ್ಕಿಯೊಳಗೆ ಕುಂತವನೇ, ಕಳಿಂಗದಲ್ಲಿ ರಕ್ತ ಹರಿಸಿದವನೇ. ಅವನನ್ನು ಪೂಜಿಸುವುದು ಬೇಡ. ಆದರೆ ಅವನು ಬರೆಸಿದ ಮಾತು ನಮಗೆ ಬೇಕು.

ಯಾಕೆ ಬೇಕೆಂದರೆ, 2014ರಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲಿನ ಪ್ರವೇಶ ಕೇಳಿದ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರಿನಲ್ಲಿ, ಹತ್ತು ವರ್ಷದ ಮೇಲೆ. 2021ರಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಕೂಸು ಗುಡಿಯೊಳಗೆ ಓಡಿತೆಂದು ಅದರ ಮನೆಯವರಿಗೆ ದಂಡ ಹಾಕಿದರು. ಆ ಕೂಸಿಗೆ ಮೇಲು ಕೀಳು ಗೊತ್ತಿತ್ತೆ?

ಮೇಷ್ಟ್ರೇ, ನಿಮ್ಮ ಸಾಲಿಯ ಹುಡುಗರನ್ನು ಒಮ್ಮೆ ಆ ಗುಡ್ಡಕ್ಕೆ ಕರಕೊಂಡು ಹೋಗಿರಿ. ಊರಿನ ಹುಡುಗರೂ ಕೇರಿಯ ಹುಡುಗರೂ ಒಂದೇ ಬುತ್ತಿ ಬಿಚ್ಚಿ ಉಣ್ಣಲಿ. ಆಮೇಲೆ ಆ ಬಂಡೆಯ ಮಾತನ್ನು ಓದಿ ಹೇಳಿರಿ. ಪಾಲ್ಕಿಯೊಳಗೆ ಯಾರು ಕುಂತಿದ್ದರು ಅಂತ ಕೇಳುವ ಮೊದಲು, ಹೊತ್ತವರು ಯಾರು ಅಂತ ಕೇಳಿರಿ.