ಕಡಲು ಬಿಟ್ಟುಹೋದ ಕರಿ ನೆಲ

ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತಿದ್ದಾಗ ಓದಿ.

ಹೋದ ವಾರ ನಮ್ಮ ಕೇರಿಯ ಚರಂಡಿ ವಿಷಯಕ್ಕೆ ಒಂದು ಕಚೇರಿಗೆ ಹೋಗಿದ್ದೆವು. ಮಳೆ ಬಂದರೆ ಊರಿನ ನೀರೆಲ್ಲ ಕೇರಿಗೆ ಇಳಿಯುತ್ತೆ. ಶೌಚಾಲಯದ ಗುಂಡಿ ತುಂಬಿ ಅಂಗಳಕ್ಕೆ ಬರುತ್ತೆ. ಅಲ್ಲಿದ್ದ ಸಾಹೇಬರು ನಮ್ಮ ಅರ್ಜಿ ನೋಡಿ ಹೇಳಿದ್ದಿಷ್ಟು: "ಎರೆಭೂಮಿ ಕಣ್ರೀ, ನೀರು ಇಂಗಲ್ಲ. ನಿಮ್ಮ ಜಾಗಾನೂ ತಗ್ಗು. ನೆಲದ ಗುಣ, ಯಾರೇನು ಮಾಡೋಕಾಗುತ್ತೆ?"

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ನೆನಪಾಗಿದ್ದು ಅಮೆರಿಕದ ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿ. ಅಲ್ಲಿಯ ಕಪ್ಪು ಜನರೂ ಇಂಥದ್ದೇ ನೆಲದ ಮೇಲಿದ್ದಾರೆ, ಇಂಥದ್ದೇ ಉತ್ತರ ಕೇಳಿದ್ದಾರೆ. ಅಲ್ಲಿಂದ ನಮ್ಮ ಚಳವಳಿಗೆ ಒಂದು ದಾರಿಯೂ ಇದೆ. ಆ ಕಥೆ ಶುರುವಾಗೋದು ಒಂದು ಕಡಲಿಂದ.

ಸುಮಾರು 8 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕಾಲದಲ್ಲಿ, ಕಡಲಿನ ಮಟ್ಟ ಈಗಿಗಿಂತ ಬಹಳ ಎತ್ತರದಲ್ಲಿತ್ತು. ಇವತ್ತಿನ ಅಲಬಾಮಾದ ದಕ್ಷಿಣ ಭಾಗ ಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ಮುಳುಗಿತ್ತು. ಆ ನೀರಲ್ಲಿ ಕಣ್ಣಿಗೆ ಕಾಣದ ಪಾಚಿಗಳು. ಅವುಗಳ ಮೈಮೇಲೆ ಸುಣ್ಣದ ಚಿಪ್ಪು. ಅವು ಸತ್ತು ತಳಕ್ಕೆ ಬಿದ್ದು, ಲಕ್ಷಾಂತರ ವರ್ಷ ಪದರ ಪದರವಾಗಿ ಕೂತು ಸೀಮೆಸುಣ್ಣದ ಬಂಡೆಯಾಯಿತು. ಕಡಲು ಹಿಂದೆ ಸರಿದ ಮೇಲೆ ಆ ಸುಣ್ಣದ ಮೇಲೆ ಹುಲ್ಲು ಬೆಳೆದು, ಕೊಳೆತು, ಕಪ್ಪಾದ ಜಿಗುಟು ಮಣ್ಣು ಹುಟ್ಟಿತು. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳ ನಡುವೆ ಬಿಲ್ಲಿನ ಹಾಗೆ ಬಾಗಿದ ಈ ಪಟ್ಟಿಗೆ ಬ್ಲ್ಯಾಕ್ ಬೆಲ್ಟ್ ಅಂತ ಹೆಸರು ಬಿತ್ತು.

ಗುಲಾಮನಾಗಿಯೇ ಹುಟ್ಟಿದ್ದ ಬೂಕರ್ ಟಿ. ವಾಷಿಂಗ್ಟನ್ 1901ರ ತಮ್ಮ ಆತ್ಮಕಥೆಯಲ್ಲಿ ಈ ಹೆಸರಿನ ಬಗ್ಗೆ ಬರೆದಿದ್ದಾರೆ. ಮೊದಲು ಇದು ಮಣ್ಣಿನ ಬಣ್ಣಕ್ಕಿದ್ದ ಹೆಸರು, ಆಮೇಲೆ ಕಪ್ಪು ಜನ ಬಿಳಿಯರಿಗಿಂತ ಹೆಚ್ಚಿರುವ ಸೀಮೆಗೆ ಹೆಸರಾಯಿತು ಅಂತ. ಮಣ್ಣಿನ ಹೆಸರು ಮನುಷ್ಯರ ಹೆಸರಾಗಿದ್ದು ಹೇಗೆ?

ತಾನಾಗಿ ಆಗಲಿಲ್ಲ. 1793ರಲ್ಲಿ ಹತ್ತಿ ಬಿಡಿಸುವ ಯಂತ್ರ ಬಂತು, ಹತ್ತಿ ಚಿನ್ನವಾಯಿತು. 1814ರ ಒಪ್ಪಂದದಲ್ಲಿ ಕ್ರೀಕ್ ಮೂಲನಿವಾಸಿಗಳಿಂದ 2 ಕೋಟಿ ಎಕರೆಗಿಂತ ಹೆಚ್ಚು ನೆಲ ಕಿತ್ತುಕೊಂಡರು. 1808ರಲ್ಲೇ ಆಫ್ರಿಕಾದಿಂದ ಗುಲಾಮರನ್ನು ತರೋದು ಕಾನೂನಿನಲ್ಲಿ ನಿಂತಿತ್ತು. ಹಾಗಾಗಿ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯ ಗುಲಾಮರನ್ನೇ ಮಾರಿ, ಸರಪಳಿ ಹಾಕಿ, ದಕ್ಷಿಣಕ್ಕೆ ನಡೆಸಿದರು. ಹೀಗೆ ಒಳನಾಡಿನ ವ್ಯಾಪಾರದಲ್ಲಿ ಸಾಗಿಸಲ್ಪಟ್ಟವರು ಸುಮಾರು 10 ಲಕ್ಷ ಜನ. ತಾಯಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಕಡಲು ಕೊಟ್ಟಿದ್ದು ಮಣ್ಣು ಮಾತ್ರ. ಆ ಮಣ್ಣಲ್ಲಿ ಯಾರು ಬೆನ್ನು ಬಗ್ಗಿಸಬೇಕು, ಯಾರು ಜಗಲಿ ಮೇಲೆ ಕೂರಬೇಕು ಅಂತ ಬರೆದಿದ್ದು ಮನುಷ್ಯರು.

ಇಲ್ಲಿ ನಮ್ಮ ಕಡೆಗೂ ಒಂದು ಎಳೆ ಬರುತ್ತೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ತಜ್ಞರನ್ನೂ ನ್ಯೂ ಆರ್ಲಿಯನ್ಸ್ ಬೀಜವನ್ನೂ ಭಾರತಕ್ಕೆ ತರಿಸಿತು. ಆ ಬೀಜ ಚೆನ್ನಾಗಿ ಹಿಡಿದಿದ್ದು ಧಾರವಾಡ ಸೀಮೆಯ ಎರೆಯಲ್ಲಿ. ಅದಕ್ಕೆ ಧಾರವಾಡ-ಅಮೆರಿಕನ್ ಅಂತಲೇ ಹೆಸರು. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಬೆಲೆ ಗಗನಕ್ಕೇರಿತು. ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಕಡಲು ಹತ್ತುತ್ತಿತ್ತು. ನಮ್ಮ ಎರೆ ಕಡಲ ತಳದ್ದಲ್ಲ, ಬಂಡೆ ಸವೆದು ಆದದ್ದು. ಆದರೂ ಎರಡೂ ಕರಿ ನೆಲ, ಎರಡೂ ಕಡೆ ಹತ್ತಿ, ಎರಡೂ ಕಡೆ ಹೊಲದಲ್ಲಿ ದುಡಿದವರ ಕೈಯಲ್ಲಿ ಪಹಣಿ ಇಲ್ಲ.

1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಹೋಯಿತು, ಭೂಮಿ ಮಾತ್ರ ಹಳೇ ಧಣಿಗಳ ಹತ್ತಿರವೇ ಉಳಿಯಿತು. ಪಾಲಿನ ಬೇಸಾಯ, ಅಂಗಡಿ ಸಾಲ, ತೀರದ ಬಡ್ಡಿ. ಜೀತ ಅಂದರೆ ಏನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಲೌಂಡ್ಸ್ ಕೌಂಟಿಗೆ ಬನ್ನಿ. 1965ರ ಆರಂಭದಲ್ಲಿ ಅಲ್ಲಿ ಹತ್ತರಲ್ಲಿ ಎಂಟು ಜನ ಕಪ್ಪು ಜನರು. ಮತದಾರರ ಪಟ್ಟಿಯಲ್ಲಿದ್ದ ಕಪ್ಪು ಜನ ಎಷ್ಟು ಗೊತ್ತಾ? ಸೊನ್ನೆ. ಆ ವರ್ಷ ಮಾರ್ಚ್‌ನಲ್ಲಿ ಸೆಲ್ಮಾದಿಂದ ಮಾಂಟ್‌ಗೊಮರಿಗೆ ಹೊರಟ ಮೆರವಣಿಗೆ ಈ ಕೌಂಟಿ ಹಾದೇ ಹೋಗಿದ್ದು. ಹೆಸರು ನೋಂದಾಯಿಸಿದ ಗೇಣಿದಾರರನ್ನು ಧಣಿಗಳು ಮನೆಯಿಂದ ಹೊರಗೆ ಹಾಕಿದರು. ಅವರು ರಸ್ತೆ ಬದಿ ಡೇರೆ ಹಾಕಿಕೊಂಡು ಚಳಿಯಲ್ಲಿ ಬದುಕಿದರು, ಹೆಸರು ಮಾತ್ರ ವಾಪಸ್ ತೆಗೆಸಲಿಲ್ಲ.

ಸ್ಟೋಕ್ಲಿ ಕಾರ್ಮೈಕಲ್ ಮತ್ತು ಸಂಗಾತಿಗಳ ಜೊತೆ ಸೇರಿ ಅವರೇ ಒಂದು ಪಕ್ಷ ಕಟ್ಟಿದರು. ಓದು ಬರದವರಿಗಾಗಿ ಪ್ರತಿ ಪಕ್ಷಕ್ಕೂ ಚಿಹ್ನೆ ಬೇಕಿತ್ತು. ರಾಜ್ಯದ ಡೆಮಾಕ್ರಟಿಕ್ ಪಕ್ಷದ ಚಿಹ್ನೆ ಬಿಳಿ ಹುಂಜ, ದಶಕಗಳ ಕಾಲ ಅದರ ಜೊತೆಗೆ ಬಿಳಿಯರೇ ಮೇಲು ಎಂಬ ಘೋಷಣೆ. ಲೌಂಡ್ಸ್‌ನವರು ಆರಿಸಿಕೊಂಡಿದ್ದು ಕರಿ ಚಿರತೆ. 1966ರ ಚುನಾವಣೆ ಸೋತರು. ಆದರೆ ಚಿರತೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಓಕ್ಲೆಂಡ್‌ನಲ್ಲಿ ಹುಯಿ ನ್ಯೂಟನ್, ಬಾಬಿ ಸೀಲ್ ಅದೇ ಚಿಹ್ನೆ ಹಿಡಿದು ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ದಲಿತ್ ಪ್ಯಾಂಥರ್ಸ್ ಕಟ್ಟಿದರು. ಅದೇ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ನಮ್ಮ ದಲಿತ ಸಂಘರ್ಷ ಸಮಿತಿ ಎದ್ದು ನಿಂತಿತು. ಇದಕ್ಕೂ ಮುಂಚೆ, 1946ರಲ್ಲೇ, ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡುಬೋಯಿಸ್ ಅವರಿಗೆ ಪತ್ರ ಬರೆದು ಎರಡೂ ಜನರ ಸ್ಥಿತಿಯ ಹೋಲಿಕೆ ಎತ್ತಿ ತೋರಿಸಿದ್ದರು.

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಕೌಂಟಿವಾರು ನಕ್ಷೆ ನೋಡಿ. ಅಲಬಾಮಾದಲ್ಲಿ ಕೆಂಪಿನ ನಡುವೆ ಒಂದು ನೀಲಿ ಬಿಲ್ಲು ಕಾಣುತ್ತೆ. ಅದೇ ಹಳೇ ಕಡಲಿನ ಗುರುತು. 8 ಕೋಟಿ ವರ್ಷದ ಹಿಂದಿನ ನೀರು ಇವತ್ತಿನ ಮತದಲ್ಲಿ ಕಾಣುತ್ತಿದೆ.

ಮತ ಸಿಕ್ಕ ಮೇಲೂ ಮಣ್ಣಿನ ಲೆಕ್ಕ ಮುಗಿಯಲಿಲ್ಲ. ಆ ಜಿಗುಟು ಮಣ್ಣು, ಕೆಳಗೆ ಸುಣ್ಣದ ಬಂಡೆ. ನೀರು ಇಂಗಲ್ಲ. ಮಾಮೂಲಿ ಗುಂಡಿ ಕೆಲಸ ಮಾಡಲ್ಲ. ಆ ನೆಲಕ್ಕೆ ಹೊಂದುವ ವ್ಯವಸ್ಥೆಗೆ ಸಾವಿರಾರು ಡಾಲರ್ ಬೇಕು, ಬಡವರ ಹತ್ತಿರ ಇಲ್ಲ. ಹಾಗಾಗಿ ಎಷ್ಟೋ ಮನೆಗಳ ಮಲ ಪೈಪಿನಲ್ಲಿ ನೇರ ಹಿತ್ತಲಿಗೆ. ವ್ಯವಸ್ಥೆ ಮಾಡಿಕೊಡುವ ಬದಲು ಅಲ್ಲಿಯ ಆಡಳಿತ ಕೆಲವರನ್ನು ಬಂಧಿಸಿದ್ದೂ ಇದೆ. ಅದೇ ಕೌಂಟಿಯಲ್ಲಿ ಬೆಳೆದ ಕ್ಯಾಥರಿನ್ ಫ್ಲವರ್ಸ್ ವರ್ಷಾನುಗಟ್ಟಲೆ ಹೋರಾಡಿ ಇದನ್ನು ಜಗತ್ತಿಗೆ ತೋರಿಸಿದರು. 2023ರಲ್ಲಿ ಕೇಂದ್ರ ಸರ್ಕಾರದ ನ್ಯಾಯ ಇಲಾಖೆ ಇದನ್ನು ನಾಗರಿಕ ಹಕ್ಕಿನ ಪ್ರಶ್ನೆ ಅಂತ ಎತ್ತಿಕೊಂಡು ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡಿತು. 2025ರ ಏಪ್ರಿಲ್‌ನಲ್ಲಿ ಹೊಸ ಸರ್ಕಾರ ಆ ಒಪ್ಪಂದವನ್ನೇ ರದ್ದು ಮಾಡಿತು.

ಇದು ಬಿ. ಬಸವಲಿಂಗಪ್ಪನವರ ನಾಡು. ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಮಂತ್ರಿ ಅವರು. ಅವರ ಕಾಲದಲ್ಲೂ ಅದು ಸಂಪ್ರದಾಯ, ಏನು ಮಾಡೋಕಾಗುತ್ತೆ ಅಂದವರು ಇದ್ದೇ ಇದ್ದರು. ಈಗ ಸಂಪ್ರದಾಯದ ಜಾಗಕ್ಕೆ ನೆಲದ ಗುಣ ಬಂದಿದೆ, ಅಷ್ಟೇ.

ನಾನು ಭೂಗೋಳ ಸುಳ್ಳು ಅಂತಿಲ್ಲ. ಎರೆಯಲ್ಲಿ ನೀರು ಇಂಗಲ್ಲ ಅನ್ನೋದು ನಿಜ. ಆದರೆ ನಮ್ಮೂರಿನ ಮೇಲಿನ ಓಣಿಯೂ ಅದೇ ಎರೆಯ ಮೇಲಿದೆ. ಅಲ್ಲಿ ಕಾಂಕ್ರೀಟ್ ಚರಂಡಿ ಇದೆ. ಅದು ಎಲ್ಲಿಗೆ ಬಂದು ಮುಗಿಯುತ್ತೆ? ನಮ್ಮ ಕೇರಿಯ ಬಾಯಿಗೆ. ತಗ್ಗು ಮಾಡಿದ್ದು ಪ್ರಕೃತಿ, ಸರಿ. ನಮ್ಮಜ್ಜಂದಿರನ್ನು ತಗ್ಗಿನಲ್ಲಿ ಕೂರಿಸಿದ್ದು ಯಾರು?

ಸೋಮವಾರ ಮತ್ತೆ ಹೋಗ್ತಿದ್ದೇವೆ. ಈ ಸಲ ಎರಡೂ ಓಣಿಗಳ ಫೋಟೋ ತಗೊಂಡು. ಬರುವವರು ಬನ್ನಿ. ನಿಮ್ಮೂರಲ್ಲೂ ಯಾರಾದರೂ ನೆಲದ ಗುಣ ಅಂದರೆ, ಮೊದಲು ಮೇಲಿನ ಓಣಿಯ ನೆಲ ನೋಡಿ ಬನ್ನಿ.

ಜೈ ಭೀಮ್.