ಕಾಯುವ ಹೊತ್ತಿಗೂ ಬೆಲೆ ಉಂಟು

ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಗೆ ಹೋಗಬೇಕಾದವರು ಸಿಟಿ ಬಸ್ಸಿಗೆ ಕಾಯಬೇಕು, ಇಲ್ಲವೇ ಆಟೊ ಹತ್ತಬೇಕು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೂ ಏಪ್ರಿಲ್ ತಿಂಗಳ ಬಿಸಿಲಲ್ಲಿ ಕೂಸನ್ನು ಎತ್ತಿಕೊಂಡ ತಾಯಿ ಆಟೊಗೆ ಕೈ ಮಾಡುತ್ತಾಳೆ. ಪುಕ್ಕಟೆ ಸಿಗುವುದನ್ನು ಬಿಟ್ಟು ಕಾಸು ಕೊಟ್ಟಳೆಂದರೆ, ಕಾಯುವ ಕಷ್ಟ ತಪ್ಪುವುದಕ್ಕೆ ತಾನು ಎಷ್ಟು ತೆರಬಲ್ಲೆ ಎಂದು ಹೇಳಿದಂತಾಯಿತು. ಅರ್ಥಶಾಸ್ತ್ರಜ್ಞರು ನೂರೆಂಬತ್ತು ವರ್ಷಗಳಿಂದ ಅಳೆಯಲು ಹೊರಟಿರುವುದು ಇದನ್ನೇ.

ಈ ಚಿಂತನೆಗೆ ಮೊದಲಿಟ್ಟವನು ಫ್ರಾನ್ಸಿನ ಸೇತುವೆ ಎಂಜಿನಿಯರ್ ಜೂಲ್ಸ್ ಡುಪ್ಯುಯಿ. ಸೇತುವೆಯ ಉಪಯೋಗವೆಷ್ಟೆಂಬುದು ಅಲ್ಲಿ ವಸೂಲಾದ ಸುಂಕದಿಂದ ತಿಳಿಯದು. ಜನ ಹೆಚ್ಚೆಂದರೆ ಎಷ್ಟು ಕೊಡಲು ಒಪ್ಪುತ್ತಿದ್ದರು ಎಂಬುದರಿಂದ ತಿಳಿಯಬೇಕು ಎಂದು 1844ರಲ್ಲಿ ವಾದಿಸಿದ. ಐದು ವರ್ಷದ ಮೇಲೆ ಇನ್ನೊಂದು ಮಾತು ಸೇರಿಸಿದ. ರೈಲಿನ ಮೂರನೇ ದರ್ಜೆಯ ಡಬ್ಬಿಗೆ ಸೂರು ಹಾಕದಿರುವುದು ಖರ್ಚಿಗೆ ಹೆದರಿ ಅಲ್ಲ, ಎರಡನೇ ದರ್ಜೆಗೆ ದುಡ್ಡು ಕೊಡಬಲ್ಲವರು ಕೆಳಗಿನ ದರ್ಜೆಗೆ ಇಳಿಯದಿರಲೆಂದು. ಬಡವರಿಗೆ ಕೆಟ್ಟ ಸೌಲಭ್ಯ ಕೊಡುವುದೂ ವ್ಯಾಪಾರದ ಲೆಕ್ಕವೇ ಆಗಬಲ್ಲದು ಎಂದು ಅವನು ಅಂದೇ ಕಂಡಿದ್ದ. ಸಾರಿಗೆ ಕಚೇರಿಗಳಲ್ಲಿ ಇಂದಿಗೂ ಓದಬೇಕಾದ ಮಾತು.

ನೇರವಾಗಿ ಜನರನ್ನೇ ಕೇಳೋಣ ಎಂಬ ಸಲಹೆ 1947ರಲ್ಲಿ ಅರ್ಥಶಾಸ್ತ್ರಜ್ಞ ಸಿರಿಯಾಸಿ ವಾಂಟ್ರಪ್ ಅವರಿಂದ ಬಂತು. ಅಮೆರಿಕದ ಮೇಯ್ನ್ ಕಾಡುಗಳ ಸಂದರ್ಶಕರನ್ನು ಹಾಗೆ ಕೇಳಿ ರಾಬರ್ಟ್ ಡೇವಿಸ್ 1963ರಲ್ಲಿ ಪ್ರಬಂಧ ಬರೆದರು. ಆದರೆ ‘ಎಷ್ಟು ಕೊಡ್ತೀರಿ?’ ಎಂದರೆ ಸಂತೆಯಲ್ಲಿ ಚೌಕಾಸಿ ಮಾಡಿ ಬೆಳೆದ ಯಾರೂ ನಿಜ ಹೇಳುವುದಿಲ್ಲ. 1989ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ಎಣ್ಣೆ ಅಲಾಸ್ಕಾದ ಕಡಲಿಗೆ ಸೋರಿದ ಮೇಲೆ, ನಷ್ಟ ಅಳೆಯಲು ಈ ವಿಧಾನವನ್ನು ನಂಬಬಹುದೇ ಎಂಬ ವಿವಾದ ಎದ್ದಿತು. 1993ರಲ್ಲಿ ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ, ರಾಬರ್ಟ್ ಸೋಲೊ ಮುಂದಾಳತ್ವದ ಸಮಿತಿ, ಮೊತ್ತವನ್ನು ಜನರ ಬಾಯಿಂದ ಹೊರಡಿಸಬೇಡಿ, ಒಂದು ಬೆಲೆ ಮುಂದಿಟ್ಟು ಹೌದೋ ಅಲ್ಲವೋ ಕೇಳಿ ಎಂದಿತು.

ಸಾರಿಗೆಯಲ್ಲಿ ದಾರಿ ಬೇರೆಯಾಯಿತು. ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶಕ್ಕೆ ಹೊಸ ರೈಲು ಬಂದ 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡನ್, ಜನ ಬಸ್ಸು, ಕಾರು, ರೈಲುಗಳಲ್ಲಿ ಯಾವುದನ್ನು ಆರಿಸುತ್ತಾರೆ ಎಂಬುದರಿಂದಲೇ ಸಮಯದ ಬೆಲೆ ತೆಗೆಯುವ ಗಣಿತ ಕಟ್ಟಿದರು. 2000ದಲ್ಲಿ ನೊಬೆಲ್ ಪಡೆದರು. ಡೇವಿಡ್ ಹೆನ್ಷರ್ ಮತ್ತು ಜೊತೆಗಾರರು ಆಸ್ಟ್ರೇಲಿಯದಲ್ಲಿ ಇದನ್ನು ಬಸ್ಸಿನ ಗುಣಮಟ್ಟಕ್ಕೆ ಹೊಂದಿಸಿದರು. ದರ, ಕಾಯುವ ಹೊತ್ತು, ಸೀಟು ಇವುಗಳನ್ನು ಬದಲಿಸುತ್ತ ಎರಡು ಬಸ್ಸುಗಳನ್ನು ಪ್ರಯಾಣಿಕರ ಮುಂದಿಟ್ಟು, ಯಾವುದು ಹತ್ತುತ್ತೀರಿ ಎಂದು ಕೇಳುವ ಕ್ರಮ ಅದು. ಖರಗ್‌ಪುರ ಐಐಟಿಯ ಸಂಶೋಧಕರು ಕೋಲ್ಕತ್ತದ ಬಸ್ಸುಗಳಿಗೆ ಇದೇ ಬಗೆಯ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಹಲವು ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿರುವ ಸಂಗತಿ ಇದು: ಬಸ್ಸಿನೊಳಗಿನ ಒಂದು ನಿಮಿಷಕ್ಕಿಂತ ಸ್ಟಾಪಿನಲ್ಲಿ ಕಾಯುವ ಒಂದು ನಿಮಿಷ ಜನರಿಗೆ ಹೆಚ್ಚು ಭಾರ, ಬಹಳ ಕಡೆ ಸುಮಾರು ಎರಡು ಪಟ್ಟು.

ನಮ್ಮ ರಾಜ್ಯ ಪ್ರಶ್ನಾವಳಿ ಹಿಡಿಯುವ ಬದಲು ಬಸ್ಸನ್ನೇ ಬೀದಿಗಿಳಿಸಿ ಪರೀಕ್ಷೆ ಮಾಡಿತು. ಬೆಂಗಳೂರಿನಲ್ಲಿ ‘ವಜ್ರ’ ಎಂಬ ಎಸಿ ಬಸ್ಸು ಬಂತು. ಆದರೆ ದುಬಾರಿ ಟಿಕೆಟ್ಟಿಗೆ ಸೀಟು ತುಂಬದೆ 2018ರ ಜನವರಿ 1ರಿಂದ ದರವನ್ನು ಶೇ 37ರವರೆಗೆ ಇಳಿಸಬೇಕಾಯಿತು. ಮೈಸೂರು ಬೇರೆ ದಾರಿ ಹಿಡಿದು, 2012ರಲ್ಲಿ ಬಸ್ಸು ಎಷ್ಟೊತ್ತಿಗೆ ಬರುತ್ತದೆಂದು ಸ್ಟಾಪಿನಲ್ಲೇ ತೋರಿಸುವ ಫಲಕಗಳನ್ನು ಹಾಕಿತು. ಹುಬ್ಬಳ್ಳಿ–ಧಾರವಾಡದ ನಡುವೆ 22 ಕಿಲೋಮೀಟರ್ ಮಾರ್ಗದ ಪ್ರತ್ಯೇಕ ಪಥದಲ್ಲಿ ‘ಚಿಗರಿ’ ಬಸ್ಸು ಓಡಿತು. ತಂಪು, ತಿಳಿವಳಿಕೆ, ವೇಗ ಎಂಬ ಮೂರನ್ನು ಮೂರು ಊರು ಕೊಟ್ಟು ನೋಡಿದವು.

ಆಮೇಲೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಶೂನ್ಯ ಟಿಕೆಟ್. 2025ರ ಜನವರಿ 5ರಿಂದ ಶೇ 15ರಷ್ಟು ಏರಿದ ದರ ಗಂಡಸರ ಜೇಬಿಗೆ ಭಾರ. ಅರ್ಧ ಬಸ್ಸಿಗೆ ದರವೇ ಇಲ್ಲದಾಗ ‘ಇನ್ನೆಷ್ಟು ರೂಪಾಯಿ ಹೆಚ್ಚು ಕೊಡುವಿರಿ?’ ಎಂಬ ಪ್ರಶ್ನೆ ಅರ್ಥ ಕಳೆದುಕೊಳ್ಳುತ್ತದೆ. ರೂಪಾಯಿಯ ಅಳತೆಗೆ ಮೊದಲಿಂದಲೂ ಒಂದು ದೋಷವಿದೆ: ಇರುವವನು ಹೆಚ್ಚು ಹೇಳುತ್ತಾನೆ, ಇಲ್ಲದವನು ಕಡಿಮೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದ ಹೆಣ್ಣುಮಗಳು ಕಡಿಮೆ ಹೇಳಿದರೆ ಆಕೆಗೆ ಒಳ್ಳೆ ಬಸ್ಸು ಬೇಡವೆಂದಲ್ಲ. ಅದಕ್ಕೇ ಇನ್ನು ನಿಮಿಷಗಳಲ್ಲಿ ಕೇಳಬೇಕು. ಸೀಟು ಸಿಗುವುದಾದರೆ ಇನ್ನೆಷ್ಟು ಹೊತ್ತು ಕಾಯುವೆ? ಬೇಗ ಬರುವುದಾದರೆ ನಿಂತೇ ಹೋಗುವೆಯಾ?

ಅರ್ಧ ಗಂಟೆಗೊಂದು ಬಸ್ಸು ತಪ್ಪದೆ ಬಂದರೂ, ಹೊತ್ತು ನೋಡದೆ ಸ್ಟಾಪಿಗೆ ಬಂದವರು ಸರಾಸರಿ 15 ನಿಮಿಷ ನಿಲ್ಲಬೇಕು. ಹತ್ತು ನಿಮಿಷಕ್ಕೊಂದಾದರೆ ಐದೇ ನಿಮಿಷ. ಬಳ್ಳಾರಿಯಂಥ ಬಿಸಿಲೂರಿನಲ್ಲಿ ಹೀಗೆ ಉಳಿಯುವ ಹತ್ತು ನಿಮಿಷ ಎಸಿಗಿಂತ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವರು ಹೊಸ ಬಸ್ಸಿನ ಪಟ್ಟಿ ಮಾಡುವ ಮುನ್ನ ಒಂದು ಮಧ್ಯಾಹ್ನ ಬ್ರೂಸ್‌ಪೇಟೆಯಲ್ಲಿ, ಕೌಲ್ ಬಜಾರಿನಲ್ಲಿ, ಸಿರುಗುಪ್ಪ, ಕುರುಗೋಡಿನ ಬಸ್ಸು ಕಾಯುವವರ ನಡುವೆ ನಿಂತು ಕೇಳಲಿ. ಬಸ್ಸು ಬಿಟ್ಟು ಆಟೊ ಹತ್ತುವವರನ್ನು ಮೊದಲು ಕೇಳಲಿ.